ನಾಡಿ ಹಿಡಿದ ಕೈಗೆ ಬ್ಯಾಂಕಿನ ಲೆಕ್ಕ

ಭೋಗರಾಜು ಪಟ್ಟಾಭಿ ಸೀತಾರಾಮಯ್ಯ ಎಂದರೆ ನಮ್ಮ ರಾಯದುರ್ಗ, ಆದವಾನಿ ಕಡೆಯ ಹಿರಿಯರಿಗೆ ಮೊದಲು ನೆನಪಾಗೋದು ಕಾಂಗ್ರೆಸ್ಸು. 1939ರಲ್ಲಿ ಗಾಂಧೀಜಿಯ ಬೆಂಬಲವಿದ್ದೂ ಸುಭಾಷ್ ಚಂದ್ರ ಬೋಸರ ಎದುರು ಅಧ್ಯಕ್ಷ ಚುನಾವಣೆಯಲ್ಲಿ ಸೋತವರು, 1948ರಲ್ಲಿ ಗೆದ್ದವರು, ಕಾಂಗ್ರೆಸ್ಸಿನ ಚರಿತ್ರೆ ಬರೆದವರು. ನಾನು ಅದನ್ನು ಹೇಳಲು ಕೂತಿಲ್ಲ. ಒಕ್ಕಲುತನದವರು, ಅಂಗಡಿ ಇಟ್ಟವರು ಅವರನ್ನು ನೆನೆಯಬೇಕಾದ ಕಾರಣ ಬೇರೆ ಇದೆ. ಅವರು ಓದಿದ್ದು ಡಾಕ್ಟರಿಕೆ, ಕಟ್ಟಿದ್ದು ಬ್ಯಾಂಕು.

ಬಿ.ಕಾಂ. ಮಾಡದ ಹುಡುಗನಿಗೆ ಹಣದ ವ್ಯವಹಾರ ಏನು ತಿಳಿದೀತು ಅಂತ ಈಗಿನವರು ಕೇಳ್ತಾರಲ್ಲ, ಅವರು ಈ ಮನುಷ್ಯನ ಬದುಕನ್ನೊಮ್ಮೆ ನೋಡಬೇಕು.

ಹುಟ್ಟಿದ್ದು 1880ರ ನವೆಂಬರ್ 24ರಂದು, ಏಲೂರು ಹತ್ತಿರದ ಗುಂಡುಗೊಲನು ಗ್ರಾಮದಲ್ಲಿ. ಬಡ ಮನೆ, ತಂದೆ ಬೇಗ ತೀರಿಕೊಂಡರು. ಮದ್ರಾಸಿನಲ್ಲಿ ಓದಿ, ವೈದ್ಯ ಪದವಿ ಪಡೆದು, ಮಚಲೀಪಟ್ಟಣದಲ್ಲಿ ದವಾಖಾನೆ ತೆರೆದರು. ತೆಲುಗರ ಬಾಯಲ್ಲಿ ಅದು ಬರೀ ಬಂದರು. ಒಳ್ಳೆಯ ಗಿರಾಕಿ ಇತ್ತು, ಹೆಸರೂ ಇತ್ತು. ಸುಮಾರು ಹತ್ತು ವರ್ಷದ ಮೇಲೆ ಅದನ್ನು ಬಿಟ್ಟುಬಿಟ್ಟರು.

ಆ ದಿನಗಳ ಹಣದ ಪರಿಸ್ಥಿತಿ ಹೇಗಿತ್ತು ಅಂದರೆ, 1906ರ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿ ಎದ್ದಿತು. ಬಿಳಿಯರ ಕಂಪನಿ, ಮುಳುಗೋದಿಲ್ಲ ಅಂತ ನಂಬಿ ದುಡ್ಡಿಟ್ಟ ಸಾವಿರಾರು ಮಂದಿ ಬೀದಿಗೆ ಬಂದರು. ಅದರ ಯಜಮಾನನಿಗೆ ಜೈಲಾಯಿತು. ದುಡ್ಡು ಹೋದವರಿಗೆ ಅದರಿಂದೇನು? ಇತ್ತ ಕೃಷ್ಣಾ ಗೋದಾವರಿ ಬಯಲಿನಲ್ಲಿ ಅಣೆಕಟ್ಟಿನ ನೀರು, ಭತ್ತದ ರಾಶಿ. ಆದರೆ ಸುಗ್ಗಿಯಲ್ಲಿ ಎರಡು ತಿಂಗಳು ಕೈತುಂಬ ದುಡ್ಡು, ಉಳಿದ ಹತ್ತು ತಿಂಗಳು ಸಾಹುಕಾರನ ಬಾಗಿಲು. ದೊಡ್ಡ ಬ್ಯಾಂಕುಗಳಿಗೆ ಹಡಗಿನ ಸರಕಿನ ಮೇಲೆ ಕಣ್ಣು, ಗಾಡಿಯ ಭತ್ತದ ಮೇಲೆ ಇಲ್ಲ. ಇದು ನಮಗೇನು ಹೊಸದಲ್ಲ ಬಿಡ್ರಿ. ನಮ್ಮಪ್ಪ ಶೇಂಗಾ ಬೀಜಕ್ಕಾಗಿ ಸಾಹುಕಾರನ ಕಟ್ಟೆ ಮೇಲೆ ಕೂತದ್ದನ್ನು ಕಂಡವನು ನಾನು. ರಾಶಿ ಮಾಡಿದ ಚೀಲದಲ್ಲಿ ಅರ್ಧ ನಮ್ಮ ಮನೆ ನೋಡದೇ ಅವನ ಪಡಸಾಲೆ ಸೇರ್ತಿತ್ತು.

ಪಟ್ಟಾಭಿಯವರು ಒಂದೇ ನೆಗೆತಕ್ಕೆ ಬ್ಯಾಂಕಿಗೆ ಹಾರಲಿಲ್ಲ. ಮೊದಲು ಕೋಪಲ್ಲೆ ಹನುಮಂತರಾವ್, ಮುಟ್ನೂರಿ ಕೃಷ್ಣರಾವ್ ಅವರ ಜೊತೆ ಬಂದರಿನಲ್ಲಿ 1910ರಲ್ಲಿ ಜಾತೀಯ ಕಲಾಶಾಲೆ ಎಬ್ಬಿಸಿದರು. ಜನರಿಂದ ಚಂದಾ ಎತ್ತಿ, ಪೈಸೆ ಪೈಸೆಗೂ ಲೆಕ್ಕ ಕೊಡೋ ಪಾಠ ಅಲ್ಲಿ ಆಯಿತು ಅಂತ ನನ್ನ ಲೆಕ್ಕ. 1915ರಲ್ಲಿ ಕೃಷ್ಣಾ ಜಿಲ್ಲೆಯ ಸಹಕಾರಿ ಕೇಂದ್ರ ಬ್ಯಾಂಕು. ಇದರ ರೀತಿ ಸರಳ: ಹಳ್ಳಿಯ ಸಂಘದವರು ಒಬ್ಬರಿಗೊಬ್ಬರು ಜಾಮೀನು, ಊರಿನವರ ಠೇವಣಿ ಜಿಲ್ಲಾ ಬ್ಯಾಂಕಿಗೆ, ಅಲ್ಲಿಂದ ಸಂಘಕ್ಕೆ, ಸಂಘದಿಂದ ರೈತನಿಗೆ. ಯಾವ ಮನೆ ಸಾಲ ತೀರಿಸೀತು, ಯಾವ ಮನೆ ತೀರಿಸಲಾರದು ಅನ್ನೋದು ಹಳ್ಳಿಗೆ ಗೊತ್ತು. ಮನೆಮನೆಗೆ ಹೋಗೋ ಡಾಕ್ಟರಿಗೂ ಗೊತ್ತು.

ಆಮೇಲೆ ಬಂತು ಆಂಧ್ರ ಬ್ಯಾಂಕು. 1923ರ ನವೆಂಬರ್ 20ರಂದು ನೋಂದಣಿ, 28ರಂದು ಬಾಗಿಲು ತೆರೆದದ್ದು. ಕಾಗದದ ಮೇಲೆ ಬಂಡವಾಳ 10 ಲಕ್ಷ, ಕೈಗೆ ಬಂದದ್ದು 1 ಲಕ್ಷ. ಅರ್ಬತ್‌ನಾಟ್ ಮುಳುಗಿ ಇನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಜನ ಇನ್ನೊಬ್ಬರ ಕೈಗೆ ದುಡ್ಡು ಕೊಡಬೇಕಾದರೆ ಮೊದಲು ನೋಡೋದು ಆ ಕೈಯನ್ನು. ಈ ಕೈ ನಾಡಿ ಹಿಡಿದದ್ದು, ಗಳಿಕೆ ಬಿಟ್ಟದ್ದು.

ಎರಡು ವರ್ಷಕ್ಕೆ, 1925ರಲ್ಲಿ, ಆಂಧ್ರ ಇನ್ಸೂರೆನ್ಸ್ ಕಂಪನಿ. 1935ರಲ್ಲಿ ಹಿಂದೂಸ್ತಾನ್ ಐಡಿಯಲ್ ಇನ್ಸೂರೆನ್ಸ್. ಡಾಕ್ಟರಿಗೂ ವಿಮೆಗೂ ಏನು ಸಂಬಂಧ ಅಂತೀರಾ? ದುಡಿಯೋ ಗಂಡಸು ಕಣ್ಣು ಮುಚ್ಚಿದ ಮನೆಯಲ್ಲಿ ಮಂಚದ ಪಕ್ಕ ನಿಂತವನು ಡಾಕ್ಟರು. ಪಟ್ಟಾಭಿಯವರಂತೂ ಅಂಥ ಮನೆಯಲ್ಲೇ ಬೆಳೆದವರು.

ನಮ್ಮ ಕನ್ನಡದ ಕಡೆಯೂ ಇಂಥದೊಂದು ನಡೆದಿದೆ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟುಹಾಕಿದ ಮೂವರಲ್ಲಿ ಟಿ.ಎಂ.ಎ. ಪೈ ಅವರೂ ಡಾಕ್ಟರೇ. ಎರಡೂ ಕಡೆ ಹಣದ ಕಟ್ಟೆಗೆ ಡಾಕ್ಟರೇ ಬಂದದ್ದು ಬರೀ ಕಾಕತಾಳೀಯ ಅಂತ ನನಗನ್ನಿಸೋದಿಲ್ಲ.

ಇನ್ನೊಂದು ಮಾತು ನಮ್ಮ ಗಡಿಯವರಿಗೆ. ಆ ಬ್ಯಾಂಕು ಆಂಧ್ರ ಅಂತ ಹೆಸರಿಟ್ಟುಕೊಂಡಾಗ ನಕ್ಷೆಯಲ್ಲಿ ಆಂಧ್ರ ಇರಲಿಲ್ಲ, ಎಲ್ಲ ಮದ್ರಾಸು. ಆಂಧ್ರ ರಾಜ್ಯ ಆದದ್ದು 1953ರ ಅಕ್ಟೋಬರ್ 1ರಂದು. ಅವತ್ತೇ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಆ ಕಡೆ ಸೇರಿದವು. ಭಾಷಾವಾರು ಪ್ರಾಂತಗಳ ಬಗ್ಗೆ 1949ರಲ್ಲಿ ವರದಿ ಕೊಟ್ಟ ಕಾಂಗ್ರೆಸ್ ಸಮಿತಿಯಲ್ಲಿ ನೆಹರೂ, ಪಟೇಲರ ಜೊತೆ ಕೂತ ಮೂರನೆಯವರು ಇದೇ ಪಟ್ಟಾಭಿಯವರು. ಅದರ ಲಾಭ ನಷ್ಟ ಬರೆಯೋಕೆ ಬೇರೆಯೇ ಪುಟ ಬೇಕು.

1942ರಿಂದ ಮೂರು ವರ್ಷದ ಹತ್ತಿರ ಅಹಮದ್‌ನಗರದ ಕೋಟೆಯಲ್ಲಿ ಸೆರೆವಾಸ. ಆಮೇಲೆ ಮಧ್ಯಪ್ರದೇಶದ ರಾಜ್ಯಪಾಲರು. 1959ರ ಡಿಸೆಂಬರ್ 17ರಂದು ತೀರಿಕೊಂಡರು.

ಬ್ಯಾಂಕು 1980ರಲ್ಲಿ ಸರ್ಕಾರದ್ದಾಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಕಲಸಿಹೋಯಿತು. ಹಾಜಿ ಅಬ್ದುಲ್ಲಾ ಅವರು 1906ರಲ್ಲಿ ಉಡುಪಿಯಲ್ಲಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಅದೇ ದಿನ ಅದೇ ಬ್ಯಾಂಕಿಗೆ ಸೇರಿತು. ಬಂದರು, ಉಡುಪಿ ಎರಡೂ ಒಂದೇ ಬೋರ್ಡಿನ ಕೆಳಗೆ. ಬೋರ್ಡು ಬದಲಾದರೂ ನಮ್ಮ ಕಡೆಯ ಮುದುಕರು ಪಾಸ್‌ಬುಕ್ಕು ಕಂಕುಳಲ್ಲಿಟ್ಟು, ಆಂಧ್ರಾ ಬ್ಯಾಂಕಿಗೆ ಹೋಗಿ ಬರ್ತೀನಿ ಅಂತಲೇ ಇವತ್ತಿಗೂ ಮನೆ ಬಿಡ್ತಾರೆ.