ಗಡಿಪಾರಾದ ರೈತನಾಯಕ ಮರಳಿ ಬಂದಾಗ: ಡಾ. ದಿನಕರ ದೇಸಾಯಿ

ಕನ್ನಡ ಓದುಗರಿಗೆ ದಿನಕರ ದೇಸಾಯಿ ಎಂದೊಡನೆ ನೆನಪಾಗುವುದು ನಾಲ್ಕು ಸಾಲಿನ ಚುಟುಕು. ಆದರೆ ಉತ್ತರ ಕನ್ನಡ ಜಿಲ್ಲೆಯ ಗೇಣಿದಾರರ ಮನೆಗಳಲ್ಲಿ ಅವರ ಹೆಸರು ಉಳಿದದ್ದು ಬೇರೆಯದೇ ಕಾರಣಕ್ಕೆ. ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1940ರಿಂದ 1945ರವರೆಗೆ, ಬ್ರಿಟಿಷ್ ಆಡಳಿತ ಅವರನ್ನು ಹುಟ್ಟಿದ ಜಿಲ್ಲೆಯಿಂದಲೇ ಹೊರಗಿಟ್ಟಿತ್ತು. ಯುದ್ಧ ಮುಗಿದ ವರ್ಷವೇ ಅವರ ಬಹಿಷ್ಕಾರವೂ ಮುಗಿದ ವರ್ಷ.

1909ರ ಸೆಪ್ಟೆಂಬರ್ 10ರಂದು ಅಂಕೋಲಾ ತಾಲ್ಲೂಕಿನಲ್ಲಿ ಜನಿಸಿದ ದಿನಕರರ ತಂದೆ ದತ್ತಾತ್ರೇಯ ದೇಸಾಯಿ ಶಾಲಾ ಶಿಕ್ಷಕರು. ಮೈಸೂರಿನಲ್ಲಿ ಓದಿ, ಮುಂಬಯಿಯಲ್ಲಿ ಎಂ.ಎ. ಮತ್ತು ಎಲ್‌ಎಲ್.ಬಿ. ಪದವಿ ಪಡೆದ ಈ ತರುಣ ವಕೀಲಿ ವೃತ್ತಿಯ ಸಂಪಾದನೆಗೆ ಮನಸ್ಸು ಮಾಡಲಿಲ್ಲ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿದರು. ಅಲ್ಪ ವೇತನದಲ್ಲಿ ಬದುಕಿ ಸಾರ್ವಜನಿಕ ಸೇವೆಗೆ ಆಯುಷ್ಯವನ್ನೇ ಮೀಸಲಿಡಬೇಕೆಂಬುದು ಆ ಸಮಾಜದ ನಿಯಮ. ಮಂದಗಾಮಿಗಳ ಸಂಸ್ಥೆಯೆಂದೇ ಹೆಸರಾಗಿದ್ದ ಅದರ ಸದಸ್ಯರೊಬ್ಬರು ಸರ್ಕಾರಕ್ಕೆ ಅಪಾಯಕಾರಿಯಾಗಿ ಕಂಡದ್ದು ಆ ಕಾಲದ ವಿಚಿತ್ರಗಳಲ್ಲಿ ಒಂದು.

ಕಾರಣವನ್ನು ತಿಳಿಯಲು ಜಿಲ್ಲೆಯ ಭೂಮಿಯ ಕಡೆ ನೋಡಬೇಕು. ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಘಟ್ಟದ ಕೆಳಗೆ ಭತ್ತದ ಗದ್ದೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ ತೋಟ. ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿತ್ತು. ಗದ್ದೆ ಉಳುವವನಿಗೆ ಅಂಥ ಯಾವ ಹಕ್ಕೂ ಇರಲಿಲ್ಲ. ಬೆಳೆದ ಭತ್ತದ ದೊಡ್ಡ ಪಾಲು ಗೇಣಿಯಾಗಿ ಒಡೆಯರ ಕಣಜ ಸೇರುತ್ತಿತ್ತು. ಒಡೆಯ ಬಯಸಿದ ದಿನ ಒಕ್ಕಲೆಬ್ಬಿಸಬಹುದಿತ್ತು. ಇದಕ್ಕೆ ಮೇಲಾಗಿ ಬಿಟ್ಟಿ ದುಡಿಮೆ, ಅರಣ್ಯ ಇಲಾಖೆಯ ಕಾಟ.

ಇಲ್ಲೊಂದು ಇಕ್ಕಟ್ಟಿತ್ತು. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ, ಶಿರಸಿ ತಾಲ್ಲೂಕುಗಳ ರೈತರು ಕರನಿರಾಕರಣೆ ನಡೆಸಿ ಹೊಲ, ಮನೆ, ಪಾತ್ರೆ ಪಗಡಗಳನ್ನೂ ಕಳೆದುಕೊಂಡಿದ್ದರು. ದೇಶವೇ ಮೆಚ್ಚಿದ ತ್ಯಾಗ ಅದು. 1937ರಲ್ಲಿ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಮುಟ್ಟುಗೋಲಾದ ಭೂಮಿಯನ್ನು ಮರಳಿಸುವ ವ್ಯವಸ್ಥೆಯಾಯಿತು. ಆದರೆ ಭೂಮಿ ಮರಳಿದ್ದು ಅದರ ಕಾಗದವಿದ್ದವರಿಗೆ. ಗೇಣಿದಾರನಿಗೆ ಮರಳಿ ಪಡೆಯಲು ಏನೂ ಇರಲಿಲ್ಲ. ಸ್ವಾತಂತ್ರ್ಯಕ್ಕಾಗಿ ಸರ್ವಸ್ವವನ್ನೂ ಒಡ್ಡಿದ ಕುಟುಂಬಗಳಲ್ಲಿ ಕೆಲವು ತಾವೇ ಗೇಣಿ ಪಡೆಯುವ ಒಡೆಯರಾಗಿದ್ದವು. ಈ ಕಾರಣದಿಂದಲೇ ಗೇಣಿದಾರರ ಪ್ರಶ್ನೆ ಕೈಗೆತ್ತಿಕೊಂಡವನು ಸರ್ಕಾರವನ್ನಷ್ಟೇ ಅಲ್ಲ, ಊರಿನ ಗೌರವಸ್ಥರನ್ನೂ ಎದುರು ಹಾಕಿಕೊಳ್ಳಬೇಕಿತ್ತು. ದೇಸಾಯಿ ಎದುರು ಹಾಕಿಕೊಂಡರು. ಶೇಷಗಿರಿ ಪಿಕಳೆ ಮೊದಲಾದ ಸಂಗಡಿಗರೊಂದಿಗೆ ಗೇಣಿದಾರರನ್ನು ಸಂಘಟಿಸಿ, ಉಳುವವನಿಗೇ ಭೂಮಿಯ ಒಡೆತನ ಸಿಗಬೇಕೆಂಬ ಬೇಡಿಕೆಯನ್ನು ಹಳ್ಳಿಹಳ್ಳಿಗೆ ಒಯ್ದರು.

1939ರ ನವೆಂಬರ್‌ನಲ್ಲಿ ಖೇರ್ ಸರ್ಕಾರ ರಾಜೀನಾಮೆ ನೀಡಿತು. ಅನಂತರ ಪ್ರಾಂತ್ಯದಲ್ಲಿ ನಡೆದದ್ದು ಗವರ್ನರರ ನೇರ ಆಡಳಿತ. ಯುದ್ಧಕಾಲದ ಕಟ್ಟುಕಟ್ಟಳೆಗಳ ನಡುವೆ ರೈತ ಚಳವಳಿಯ ನಾಯಕನನ್ನು ಜಿಲ್ಲೆಯಿಂದ ಹೊರಹಾಕುವುದು ಸುಲಭದ ಕೆಲಸ. ಪ್ರಶ್ನೆ ಕೇಳಲು ಶಾಸನಸಭೆಯೇ ನಡೆಯುತ್ತಿರಲಿಲ್ಲ. ಹುಬ್ಬಳ್ಳಿಯ ಕಡೆಯಿಂದ ಬಂದರೆ ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯಲ್ಲಿ ಜಿಲ್ಲೆಯ ಗಡಿ. ಆ ಗಡಿ ದಾಟುವ ಸ್ವಾತಂತ್ರ್ಯ ದೇಸಾಯಿಯವರಿಗೆ ಐದು ವರ್ಷ ಇರಲಿಲ್ಲ.

ಆ ವರ್ಷಗಳನ್ನು ಅವರು ವ್ಯರ್ಥ ಮಾಡಲಿಲ್ಲ. ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದರು. ಭಾರತದ ನಾವಿಕ ಕಾರ್ಮಿಕರನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಆ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿದ ಭಾರತೀಯ ನಾವಿಕರಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಸಮುದ್ರಪಾಲಾದರು ಎಂಬುದನ್ನು ನೆನೆದರೆ ಆ ಕೆಲಸದ ತೂಕ ತಿಳಿದೀತು. ಗದ್ದೆಯ ಗೇಣಿದಾರನಂತೆಯೇ ಹಡಗಿನ ಖಲಾಸಿಯೂ ಲೆಕ್ಕಕ್ಕೆ ಸಿಗದ ಮನುಷ್ಯ.

ಇತ್ತ ಜಿಲ್ಲೆಯಲ್ಲಿ 1942ರ ಚಲೇಜಾವ್ ಚಳವಳಿ ನಡೆದು ನೂರಾರು ಜನ ಸೆರೆಮನೆ ಸೇರಿದರು. ಅದೇ ವರ್ಷ ಬರ್ಮಾ ಜಪಾನೀಯರ ವಶವಾಗಿ ರಂಗೂನಿನ ಅಕ್ಕಿ ನಿಂತಿತು. ಅಕ್ಕಿಯೇ ಮುಖ್ಯ ಆಹಾರವಾಗಿದ್ದ ಪ್ರಾಂತ್ಯದ ಕರಾವಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ರೇಷನ್ ಎಂಬ ಪದ ಮನೆಮಾತಾದದ್ದು ಆಗಲೇ. ಧಾನ್ಯಕ್ಕೆ ಬೆಲೆ ಏರಿದಾಗ ಧಾನ್ಯದಲ್ಲೇ ಗೇಣಿ ಪಡೆಯುವವನಿಗೆ ಲಾಭ, ಗೇಣಿ ಅಳೆದುಕೊಟ್ಟು ಉಣ್ಣಲು ಕೊಳ್ಳಬೇಕಾದವನಿಗೆ ಉಪವಾಸ.

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. 1946ರಲ್ಲಿ ಚುನಾವಣೆ ನಡೆದು ಖೇರ್ ಮತ್ತೆ ಅಧಿಕಾರಕ್ಕೆ ಬಂದರು. 1939ರಲ್ಲೇ ರೂಪುಗೊಂಡು ಕೆಲವೇ ಜಿಲ್ಲೆಗಳಲ್ಲಿ ಜಾರಿಯಾಗಿದ್ದ ಗೇಣಿ ಕಾಯ್ದೆ ಅದೇ ವರ್ಷ ಇಡೀ ಪ್ರಾಂತ್ಯಕ್ಕೆ ವಿಸ್ತರಿಸಿತು. 1948ರಲ್ಲಿ ಇನ್ನಷ್ಟು ಬಿಗಿಯಾದ ಕಾಯ್ದೆ ಬಂತು. ಗಡಿಪಾರಿನ ಕಾಲದಲ್ಲಿ ಅಪರಾಧವೆನಿಸಿದ್ದ ಬೇಡಿಕೆಯ ಒಂದಂಶ ಈಗ ಸರ್ಕಾರದ್ದೇ ಕಾನೂನು! ಕಾಯ್ದೆ ಬಂದರೂ ಅಕ್ಷರ ಬಾರದ ಗೇಣಿದಾರ ಅದನ್ನು ಬಳಸಲಾರ. ರಸೀದಿ ಕೇಳಲು ಅವನಿಗೆ ಧೈರ್ಯವಿಲ್ಲ, ಕೊಟ್ಟರೂ ಓದಲು ಬರುವುದಿಲ್ಲ. ದೇಸಾಯಿ ಶಾಲೆಗಳತ್ತ ಹೊರಳಿದ್ದನ್ನು ಹೋರಾಟದಿಂದ ಹಿಂದೆ ಸರಿದದ್ದೆಂದು ಬಗೆಯುವುದು ತಪ್ಪಾದೀತು.

1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಅದರ ಜನತಾ ವಿದ್ಯಾಲಯಗಳು ಘಟ್ಟದ ಕೆಳಗೂ ಮೇಲೂ ತೆರೆದವು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಗುರುಋಣವನ್ನು ಅವರು ತೀರಿಸಿದ್ದು ಹೀಗೆ. 'ಜನಸೇವಕ' ವಾರಪತ್ರಿಕೆಯನ್ನೂ ನಡೆಸಿದರು.

1967ರ ಲೋಕಸಭಾ ಚುನಾವಣೆಯಲ್ಲಿ ಅವರು ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು. 1952ರಿಂದ ಆ ಸ್ಥಾನ ಕಾಂಗ್ರೆಸ್ಸಿನ ಜೋಕಿಂ ಆಳ್ವರದಾಗಿತ್ತು. ಐದು ವರ್ಷ ಜಿಲ್ಲೆಯೊಳಗೆ ಕಾಲಿಡಬಾರದೆಂದು ತಡೆಯಲ್ಪಟ್ಟವರನ್ನು ಅದೇ ಜಿಲ್ಲೆ ದೆಹಲಿಗೆ ಕಳುಹಿಸಿತು. 1970ರ ಡಿಸೆಂಬರ್‌ನಲ್ಲಿ ಲೋಕಸಭೆ ಅವಧಿಗೆ ಮುನ್ನವೇ ವಿಸರ್ಜನೆಯಾಯಿತು.

ಚುಟುಕುಗಳು ಈ ಎಲ್ಲದರ ನಡುವೆ ಹುಟ್ಟಿದವು. ರಾಜಕಾರಣಿಯ ಸೋಗು, ಧನಿಕನ ಲೋಭ, ತನ್ನದೇ ವಯಸ್ಸು, ಯಾವುದನ್ನೂ ಅವರು ಬಿಡಲಿಲ್ಲ. ತನ್ನ ದೇಹದ ಬೂದಿ ಏನಾಗಬೇಕೆಂದು ಅವರು ಬರೆದ ಕವಿತೆ ಇಂದಿಗೂ ಜನಪ್ರಿಯ. ಆದರೆ ಕವಿಯ ಕೀರ್ತಿ ಹೋರಾಟಗಾರನನ್ನು ಮರೆಸಿತೆಂಬ ಕೊರಗಿಗೆ ಆಸ್ಪದವಿದೆ. ಅವರ ವಿನೋದದ ಹಿಂದಿನ ಸಿಟ್ಟು ಎಲ್ಲಿಂದ ಬಂತೆಂದು ನಗುವವರು ಸಾಮಾನ್ಯವಾಗಿ ಕೇಳುವುದಿಲ್ಲ.

1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಯಾಗಿ ಗೇಣಿ ಪದ್ಧತಿ ರದ್ದಾಯಿತು. ಭೂ ನ್ಯಾಯಮಂಡಳಿಗಳ ಮುಂದೆ ಜಿಲ್ಲೆಯ ಒಕ್ಕಲುಗಳು ಅರ್ಜಿ ಹಿಡಿದು ನಿಂತಾಗ ದೇಸಾಯಿಯವರಿಗೆ 64 ವರ್ಷ. 1982ರ ನವೆಂಬರ್ 6ರಂದು ಅವರು ನಿಧನರಾಗುವ ಹೊತ್ತಿಗೆ, ಆ ಅರ್ಜಿದಾರರಲ್ಲಿ ಹಲವರು ತಾವು ಉಳುತ್ತಿದ್ದ ಗದ್ದೆಯ ಪಹಣಿಯಲ್ಲಿ ತಮ್ಮದೇ ಹೆಸರು ಕಂಡಿದ್ದರು.