ಕೊನೆಗೆ ಉಳಿದ ಮೂರು ಮಾವಿನಹಣ್ಣು

ಮಕ್ಕಳೇ, ಮೊದಲು ಒಂದು ಲೆಕ್ಕ. ಬುಟ್ಟಿಯ ತುಂಬ ಮಾವಿನಹಣ್ಣು. ರಾಜ ಬಂದು ಅದರಲ್ಲಿ ಆರನೇ ಒಂದು ಭಾಗ ತೆಗೆದುಕೊಂಡ. ಉಳಿದದ್ದರಲ್ಲಿ ಐದನೇ ಒಂದು ಭಾಗ ರಾಣಿಗೆ ಹೋಯಿತು. ಆಮೇಲೆ ಮೂವರು ರಾಜಕುಮಾರರು ಒಬ್ಬರ ಹಿಂದೆ ಒಬ್ಬರು ಬಂದರು. ಮೊದಲನೆಯವನು ಆಗ ಉಳಿದಿದ್ದರಲ್ಲಿ ಕಾಲು ಭಾಗ ಒಯ್ದ. ಎರಡನೆಯವನು ಅವನು ಬಿಟ್ಟದ್ದರಲ್ಲಿ ಮೂರನೇ ಒಂದು ಭಾಗ, ಮೂರನೆಯವನು ಮತ್ತೆ ಮಿಕ್ಕಿದ್ದರಲ್ಲಿ ಅರ್ಧ. ಎಲ್ಲರಿಗಿಂತ ಚಿಕ್ಕ ಮಗು ಬಂದಾಗ ಇದ್ದದ್ದು ಮೂರೇ ಹಣ್ಣು. ಹಾಗಾದರೆ ಬುಟ್ಟಿಯಲ್ಲಿ ಮೊದಲು ಎಷ್ಟು ಹಣ್ಣಿದ್ದವು?

ಇದು ನಾನು ಕಟ್ಟಿದ ಲೆಕ್ಕವಲ್ಲ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸರು ತಮ್ಮ 'ಗಣಿತಸಾರ ಸಂಗ್ರಹ'ದಲ್ಲಿ ಕೇಳಿದ್ದು. (ತೀರ್ಥಂಕರ ಮಹಾವೀರರು ಇವರಿಗಿಂತ ಬಹಳ ಹಿಂದಿನವರು, ಹೆಸರು ಒಂದೇ, ಅಷ್ಟೆ.) ಪುಸ್ತಕದ ಆರಂಭದಲ್ಲಿ ಅವರು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ನಮಗೆ ಸಿಕ್ಕಿರುವ ಕನ್ನಡ ಕೃತಿಗಳಲ್ಲೆಲ್ಲ ಹಳೆಯದಾದ 'ಕವಿರಾಜಮಾರ್ಗ' ಹುಟ್ಟಿದ್ದೂ ಇದೇ ದೊರೆಯ ಆಸ್ಥಾನದಲ್ಲಿ.

ಮಹಾವೀರಾಚಾರ್ಯರು ಬರೆದದ್ದು ಸಂಸ್ಕೃತದಲ್ಲಿ. ಆದರೆ ಆ ಪುಸ್ತಕವನ್ನು ಕಾಪಾಡಿಕೊಂಡು ಬಂದವರಲ್ಲಿ ಕನ್ನಡಿಗರಿದ್ದರು. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದಾಗ, ಅವರ ಕೈಗೆ ಸಿಕ್ಕಿದ್ದ ಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳೂ ಇದ್ದವು. ಕನ್ನಡ ಟೀಕೆಯೂ ಇತ್ತು. ಯಾರೋ ನಮ್ಮ ಹಾಗೆಯೇ ಲೆಕ್ಕದ ಮುಂದೆ ಕೂತು, ಅರ್ಥ ಮಾಡಿಕೊಂಡು, ಮುಂದಿನವರಿಗೆಂದು ಕನ್ನಡದಲ್ಲಿ ವಿವರಿಸಿ ಬರೆದಿಟ್ಟಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ತುಂಬ ಸಂತೋಷವಾಗುತ್ತದೆ.

ಈಗ ಹಣ್ಣಿಗೆ ಬರೋಣ. ಈ ಲೆಕ್ಕ ಕಂಡ ಕೂಡಲೇ ಆರನೇ ಒಂದು, ಐದನೇ ಒಂದು, ಕಾಲು, ಮೂರನೇ ಒಂದು, ಅರ್ಧ, ಇವನ್ನೆಲ್ಲ ಕೂಡಿಬಿಡೋಣ ಎನಿಸುತ್ತದೆ. ಕೂಡಿ ನೋಡಿ. 60ರಲ್ಲಿ 87 ಭಾಗ ಬರುತ್ತದೆ! ಬುಟ್ಟಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹಣ್ಣು ಹಂಚಿದಂತಾಯಿತು. ಎಲ್ಲಿ ತಪ್ಪಿತು?

ಕನ್ನಡದ ಒಂದು ಪುಟ್ಟ ಪದವೇ ದಾರಿ ತೋರಿಸುತ್ತದೆ. ಕಾಲು ಎಂದರೆ ನಾಲ್ಕರಲ್ಲಿ ಒಂದು ಭಾಗ. ನಡೆಯುವ ಕಾಲೂ ಕಾಲೇ. ಯಾರಾದರೂ 'ಕಾಲು' ಎಂದರೆ 'ಯಾವುದರ ಕಾಲು?' ಎಂದು ನೀವು ಕೇಳಲೇಬೇಕು. ಆನೆಗೂ ಕಾಲಿದೆ, ಇಲಿಗೂ ಕಾಲಿದೆ. ಎರಡೂ ಒಂದೇ ಅಳತೆಯಲ್ಲ. ದೊಡ್ಡ ರಾಜಕುಮಾರ ಒಯ್ದದ್ದು ಇಡೀ ಬುಟ್ಟಿಯ ಕಾಲಲ್ಲ, ಅಪ್ಪ ಅಮ್ಮ ತೆಗೆದುಕೊಂಡ ಮೇಲೆ ಉಳಿದದ್ದರ ಕಾಲು. ಹೀಗೆ ಉಳಿದದ್ದರಲ್ಲಿ ಭಾಗ ಮಾಡುತ್ತ ಹೋಗುವ ಲೆಕ್ಕಗಳಿಗೆ ಮಹಾವೀರಾಚಾರ್ಯರು ಬೇರೆ ಹೆಸರನ್ನೇ ಇಟ್ಟಿದ್ದಾರೆ: ಶೇಷ ಜಾತಿ. ಶೇಷ ಎಂದರೆ ಉಳಿದದ್ದು.

ಬಿಡಿಸಲು ಹಿಂದಿನಿಂದ ಬನ್ನಿ. ಮಗುವಿಗೆ ಸಿಕ್ಕಿದ್ದು 3. ಅದಕ್ಕಿಂತ ಮುಂಚೆ ಬಂದವನು ಅರ್ಧ ಒಯ್ದ, ಅಂದರೆ ಈ ಮೂರು ಇನ್ನರ್ಧ. ಅವನು ಬಂದಾಗ 6 ಇದ್ದವು. ಅವನಿಗಿಂತ ಮೊದಲಿನವನು ಮೂರನೇ ಒಂದು ಭಾಗ ಒಯ್ದು ಬಿಟ್ಟದ್ದು ಈ 6. ಮೂರು ಪಾಲಿನಲ್ಲಿ ಎರಡು ಪಾಲು 6 ಆದರೆ ಒಂದು ಪಾಲು 3, ಒಟ್ಟು 9. ಹಾಗೆಯೇ ಮೇಲೆ ಹತ್ತಿದರೆ 12, ಆಮೇಲೆ 15, ಕೊನೆಗೆ 18. ಬುಟ್ಟಿಯಲ್ಲಿ ಇದ್ದದ್ದು 18 ಹಣ್ಣು.

ಒಂದು ನಿಮಿಷ ನಿಲ್ಲಿ. ರಾಜನಿಗೆ ಎಷ್ಟು ಸಿಕ್ಕಿತು? 3. ರಾಣಿಗೆ? 3. ಪ್ರತಿ ರಾಜಕುಮಾರನಿಗೂ 3. ಆ ಪುಟ್ಟ ಮಗುವಿಗೂ 3! ಕೇಳುವಾಗ ಆರನೇ ಒಂದು ಎಲ್ಲಕ್ಕಿಂತ ಚಿಕ್ಕದು, ಅರ್ಧ ಎಲ್ಲಕ್ಕಿಂತ ದೊಡ್ಡದು. ಬಿಡಿಸಿದ ಮೇಲೆ ನೋಡಿದರೆ ಎಲ್ಲರದೂ ಸಮಪಾಲು. ಈ ಗುಟ್ಟನ್ನು ಮಹಾವೀರಾಚಾರ್ಯರು ಲೆಕ್ಕದೊಳಗೆ ಎಷ್ಟು ಅಂದವಾಗಿ ಬಚ್ಚಿಟ್ಟಿದ್ದಾರೆ!

ಭಿನ್ನರಾಶಿಗೆ ನಮ್ಮ ಭಾಷೆಯಲ್ಲಿ ಇನ್ನೂ ಪದಗಳಿವೆ. ಮುಕ್ಕಾಲು ಎಂದರೆ ಮೂರು ಕಾಲು. ಅರೆಕಾಲು ಎಂದರೆ ಕಾಲಿನ ಅರ್ಧ, ಎಂಟರಲ್ಲೊಂದು. ವೀಸ ಎಂದರೆ ಹದಿನಾರರಲ್ಲೊಂದು. 1957ರವರೆಗೆ ರೂಪಾಯಿಗೆ 16 ಆಣೆ ಇದ್ದುದರಿಂದ ಅರ್ಧ ರೂಪಾಯಿ ಎಂಟಾಣೆ, ಕಾಲು ರೂಪಾಯಿ ನಾಲ್ಕಾಣೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯನ್ನು ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಕೇಳಿದ್ದೀರಾ ಎಂದು ವಿಚಾರಿಸಿ.

ಈಗ ನಿಮ್ಮ ಸರದಿ. ಇದೂ ಅದೇ ಪುಸ್ತಕದ್ದೇ. ಒಬ್ಬಳ ಮುತ್ತಿನ ಹಾರ ಹರಿಯಿತು. ಮೂರನೇ ಒಂದು ಭಾಗ ಮುತ್ತು ಸೇವಕಿಯ ಕಡೆ ಉರುಳಿತು. ಇಡೀ ಹಾರದ ಆರನೇ ಒಂದು ಭಾಗ ಹಾಸಿಗೆಯ ಮೇಲೆ ಬಿತ್ತು. ಆಮೇಲೆ ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಒಟ್ಟು ಆರು ಸಲ ಮುತ್ತು ಅಲ್ಲಿ ಇಲ್ಲಿ ಚದುರಿತು. ಕೊನೆಗೆ ಉಳಿದದ್ದು 1,161 ಮುತ್ತು. ಹಾರದಲ್ಲಿ ಎಷ್ಟು ಮುತ್ತಿದ್ದವು?

ಮೊದಲ ಎರಡು ಭಾಗಗಳು ಎರಡೂ ಇಡೀ ಹಾರದ ಭಾಗಗಳು, ಅವನ್ನು ಧೈರ್ಯವಾಗಿ ಕೂಡಬಹುದು. ಮಿಕ್ಕದ್ದಕ್ಕೆ ಹಿಂದಿನಿಂದ ಬನ್ನಿ. ಉತ್ತರ ಒಂದೂವರೆ ಲಕ್ಷಕ್ಕೆ ಸ್ವಲ್ಪವೇ ಕಡಿಮೆ ಬಂದರೆ ಗಾಬರಿಯಾಗಿ ಅಳಿಸಬೇಡಿ, ನಿಮ್ಮ ಲೆಕ್ಕ ಸರಿಯಾದ ದಾರಿಯಲ್ಲೇ ಇದೆ.