ರೌಸ್ ಮತ್ತು ಅವರ ಕೋಳಿ

1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಯಾರೋ ಒಂದು ಪ್ಲಿಮತ್ ರಾಕ್ ಕೋಳಿ ತಂದರು. ಅದರ ಎದೆಯಲ್ಲಿ ದೊಡ್ಡ ಗಡ್ಡೆ. ಅದು ಸಿಕ್ಕಿದ್ದು ಪೇಟನ್ ರೌಸ್ ಎಂಬ ಮೂವತ್ತರ ಆಸುಪಾಸಿನ ಡಾಕ್ಟರ ಕೈಗೆ. ಅವರು ಗಡ್ಡೆಯನ್ನು ಅರೆದು, ಜೀವಕೋಶ, ಬ್ಯಾಕ್ಟೀರಿಯಾ ಯಾವುದೂ ದಾಟದಂಥ ಫಿಲ್ಟರಿನಲ್ಲಿ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಕ್ಯಾನ್ಸರ್ ಬಂತು! ಕಾರಣ ಒಂದು ವೈರಸ್.

1911ರಲ್ಲಿ ಇದನ್ನು ಪ್ರಕಟಿಸಿದರೂ ಹೆಚ್ಚಿನವರು ನಂಬಲಿಲ್ಲ. ಕೆಲ ವರ್ಷಗಳಲ್ಲಿ ರೌಸ್ ಅದನ್ನು ಬಿಟ್ಟು, ರಕ್ತ ಕೆಡದಂತೆ ಕಾಪಾಡುವ ಸಂಶೋಧನೆಗೆ ಇಳಿದರು. ಆ ವಿಧಾನ ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಜೀವ ಉಳಿಸಿತು. ಕೋಳಿಯ ವೈರಸ್ಸಿಗೆ ನೊಬೆಲ್ ಬಂದಿದ್ದು 1966ರಲ್ಲಿ, ಅವರಿಗೆ 87 ವಯಸ್ಸಾದಾಗ. ನಾವು ಒಂದು ರೀಡಿಂಗ್ ತಪ್ಪಿದ್ರೇ ಎಕ್ಸ್‌ಪೆರಿಮೆಂಟ್ ಬಿಟ್ಟು ಕ್ಯಾಂಟೀನಿಗೆ ಹೋಗ್ತೀವಿ. ಅವರು ಕಾದಿದ್ದು 55 ವರ್ಷ!

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಜೀನ್ ಬದಲಾಗಿ ಕ್ಯಾನ್ಸರ್ ಬರುತ್ತೆ ಅನ್ನೋದನ್ನು ರೌಸ್ ಕೊನೆವರೆಗೂ ಒಪ್ಪಲಿಲ್ಲ. 1970ರಲ್ಲಿ ತೀರಿಕೊಂಡರು. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ತಂಡ, ವೈರಸ್ಸಿನ ಸಾರ್ಕ್ ಜೀನಿನ ಮೂಲ ಆರೋಗ್ಯವಂತ ಕೋಳಿಯಲ್ಲೇ ಇದೆ ಎಂದು ತೋರಿಸಿತು. ವೈರಸ್ ಅದನ್ನು ಎಂದೋ ಕೋಳಿಯಿಂದಲೇ ಎತ್ತಿಕೊಂಡಿತ್ತು. ಕೋಳಿಯ ಪ್ರೋಟೀನಿನ ಕೊನೆಯ 19 ಅಮೈನೊ ಆಮ್ಲಗಳ ಜಾಗದಲ್ಲಿ ವೈರಸ್ಸಿನ ಪ್ರೋಟೀನಿನಲ್ಲಿ ಬೇರೆಯೇ 12 ಇವೆ. ಆ ಬಾಲದಲ್ಲೇ ಇತ್ತು ಬ್ರೇಕು. ಬ್ರೇಕು ಹೋದ ಮೇಲೆ ಜೀವಕೋಶ ಬೆಳೀತಾನೇ ಇರುತ್ತೆ.

ತಮ್ಮನ್ನು ಯಾರೂ ನಂಬದ ನೋವು ಗೊತ್ತಿದ್ದವರೂ ಇನ್ನೊಬ್ಬರ ಮಾತನ್ನು ನಂಬಲಿಲ್ಲ. ಅದಕ್ಕೆ ಸಾಕ್ಷಿ ಅವರ ಕೋಳಿಯೊಳಗೇ ಇತ್ತು.